ಬರೆಯಿಸಿದವರು, ಬರೆದವರು, ಕಾದವರು: ಮೂಡಬಿದಿರೆಯ ಧವಲಾ ಓಲೆಗಳು ಮತ್ತು ನಮ್ಮ ಪುಸ್ತಕ ಚರಿತ್ರೆ



ವಿದ್ಯೆಗಾಗಿ ಹಣ ತೆಗೆದಿಡುವುದು ಈ ನಾಡಿಗೆ ಹೊಸದಲ್ಲ. ಜೈನರು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕು ದಾನಗಳನ್ನು ಎಣಿಸುತ್ತಾರೆ. ಶಾಸ್ತ್ರದಾನ ಎಂದರೆ ಬರಿಯ ಉಪದೇಶವಲ್ಲ. ಗ್ರಂಥವನ್ನು ಪ್ರತಿ ಮಾಡಿಸಿ, ಓದಬಲ್ಲವರ ಕೈಗೆ ಒಪ್ಪಿಸುವುದೂ ಅದರಲ್ಲಿ ಸೇರುತ್ತದೆ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದ ಸಂಗತಿ ನಿಮಗೆಲ್ಲ ಗೊತ್ತು. ಆ ಪುರಾಣವನ್ನು ಪೊನ್ನನಿಂದ ಬರೆಯಿಸಿದವರು ಆಕೆಯ ತಂದೆ ಮಲ್ಲಪ ಮತ್ತು ಅವನ ತಮ್ಮ ಪುನ್ನಮಯ್ಯ. ರನ್ನ ತನ್ನ ಅಜಿತಪುರಾಣವನ್ನು 993ರಲ್ಲಿ ಮುಗಿಸಿದ್ದು ಆಕೆಯ ಆಶ್ರಯದಲ್ಲಿ. ನಮ್ಮ ಸಾಹಿತ್ಯ ಚರಿತ್ರೆಗಳು ಈ ಸಂಗತಿಯನ್ನು ಅತ್ತಿಮಬ್ಬೆಯ ಔದಾರ್ಯಕ್ಕೆ ಉದಾಹರಣೆಯಾಗಿ ಹೇಳಿ ಮುಂದಕ್ಕೆ ಹೋಗಿಬಿಡುತ್ತವೆ. ಸಾವಿರ ಪ್ರತಿಗೆ ಎಷ್ಟು ಗರಿ ಬೇಕಾಯಿತು, ಬರೆದ ಕೈಗಳು ಯಾರವು, ಅವರಿಗೆ ಕೂಲಿ ಎಷ್ಟು, ಪ್ರತಿಗಳು ಯಾವ ಊರುಗಳಿಗೆ ಹೋದವು ಎಂದು ಯಾರೂ ಕೇಳಲಿಲ್ಲ. ಕವಿಗಳ ಚರಿತ್ರೆಯನ್ನು, ಕೃತಿಗಳ ಚರಿತ್ರೆಯನ್ನು ನಾವು ಚೆನ್ನಾಗಿಯೇ ಬರೆದಿದ್ದೇವೆ. ಪುಸ್ತಕಗಳ ಚರಿತ್ರೆಯನ್ನು ಬರೆದಿಲ್ಲ. ಹಳಗನ್ನಡ ಪಾಠ ಹೇಳುವ ನಾನು ಇದನ್ನು ದೊಡ್ಡ ಕೊರತೆ ಎಂದೇ ಭಾವಿಸಿದ್ದೇನೆ. ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ.

ಇದಕ್ಕೆ ನಾನು ಆರಿಸಿಕೊಂಡಿರುವುದು ಕನ್ನಡ ಕಾವ್ಯವನ್ನಲ್ಲ. ಪ್ರಾಕೃತ ಭಾಷೆಯಲ್ಲಿದ್ದು, ಕನ್ನಡ ಲಿಪಿಯಲ್ಲಿ ಉಳಿದ ಒಂದು ಗ್ರಂಥವನ್ನು. ಮೂಡಬಿದಿರೆಯ ಗುರುಬಸದಿಯನ್ನು ಜನ ಸಿದ್ಧಾಂತ ಬಸದಿ ಎಂದೂ ಕರೆಯುತ್ತಾರೆ. ಆ ಹೆಸರು ಬಂದದ್ದು ಅಲ್ಲಿದ್ದ ಸಿದ್ಧಾಂತ ಗ್ರಂಥಗಳಿಂದ: ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ, ಕಷಾಯಪ್ರಾಭೃತದ ಮೇಲಿನ ಜಯಧವಲಾ, ಮತ್ತು ಮಹಾಧವಲ ಎಂದು ಪ್ರಸಿದ್ಧವಾದ ಮಹಾಬಂಧ. ಸಂಪ್ರದಾಯದ ಪ್ರಕಾರ ಗಿರಿನಗರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು, ಬಾಯಿಂದ ಬಾಯಿಗೆ ಬಂದ ಶ್ರುತ ತಮ್ಮೊಂದಿಗೆ ಕಳೆದುಹೋದೀತೆಂಬ ಆತಂಕದಿಂದ ಅದನ್ನು ಪುಷ್ಪದಂತ, ಭೂತಬಲಿ ಎಂಬಿಬ್ಬರಿಗೆ ಕಲಿಸಿದರು. ಪುಷ್ಪದಂತರು ವನವಾಸ ದೇಶಕ್ಕೆ, ಎಂದರೆ ನಮ್ಮ ಬನವಾಸಿಯ ಕಡೆಗೆ, ಬಂದು ಷಟ್ಖಂಡಾಗಮದ ಮೊದಲ 177 ಸೂತ್ರಗಳನ್ನು ರಚಿಸಿದರು. ಉಳಿದದ್ದನ್ನು ಭೂತಬಲಿ ಪೂರ್ಣಗೊಳಿಸಿದರು. ಗ್ರಂಥ ಮುಗಿದ ಜ್ಯೇಷ್ಠ ಶುದ್ಧ ಪಂಚಮಿಯೇ ಶ್ರುತಪಂಚಮಿ. ಅಂದು ಜೈನರು ಪುಸ್ತಕವನ್ನು ಪೂಜಿಸುತ್ತಾರೆ. ಒಂದು ಪುಸ್ತಕ ಬರೆದು ಮುಗಿಸಿದ ದಿನವನ್ನು ಹಬ್ಬ ಮಾಡಿಕೊಂಡ ಸಮಾಜದ ಬಗ್ಗೆ ಸಾಹಿತ್ಯದ ವಿದ್ಯಾರ್ಥಿಗೆ ಗೌರವ ಹುಟ್ಟದೆ ಇರುವುದು ಸಾಧ್ಯವಿಲ್ಲ.

ವೀರಸೇನರ ಟೀಕೆ ಒಂಬತ್ತನೆಯ ಶತಮಾನದ ಆರಂಭದ್ದು ಎಂದು ಅದರ ಮುದ್ರಿತ ಆವೃತ್ತಿಯ ಸಂಪಾದಕರು ನಿರ್ಣಯಿಸಿದ್ದಾರೆ. ಅದರ ಪ್ರಮಾಣ 72,000 ಶ್ಲೋಕ. ಇದು ಪದ್ಯಗಳ ಸಂಖ್ಯೆಯಲ್ಲ. ಗದ್ಯವನ್ನೂ 32 ಅಕ್ಷರಕ್ಕೊಂದು ಶ್ಲೋಕವೆಂದು ಎಣಿಸುವುದು ಲಿಪಿಕಾರರ ಲೆಕ್ಕ. ಬರಹದ ಕೆಲಸವನ್ನು ಅಳೆಯಲು ಹುಟ್ಟಿದ ಈ ಮಾನವೇ ಪುಸ್ತಕದ ಹಿಂದೆ ಒಂದು ದುಡಿಮೆಯ ಲೋಕವಿತ್ತೆಂದು ಹೇಳುತ್ತದೆ.

ಈಗ ಓಲೆಯನ್ನೇ ನೋಡೋಣ. ನಮ್ಮ ಮನೆಗಳ ಅಟ್ಟದಲ್ಲಿ ಸಿಗುವ ಓಲೆಕಟ್ಟುಗಳಲ್ಲಿ ಅಕ್ಷರವನ್ನು ಕಂಠವೆಂಬ ಮೊನಚು ಸಲಾಕೆಯಿಂದ ಕೊರೆದಿರುತ್ತಾರೆ. ಕೊರೆದ ಮೇಲೆ ಮಸಿ ಸವರಿ ಒರೆಸಿದರೆ ಗೆರೆಗಳಲ್ಲಿ ಕಪ್ಪು ನಿಂತು ಓದಲು ಬರುತ್ತದೆ. ಮೂಡಬಿದಿರೆಯ ಧವಲಾ ಪ್ರತಿಗಳು ಹಾಗಿಲ್ಲ. ಅವು ಅಗಲವಾದ ಶ್ರೀತಾಳೆಯ ಗರಿಗಳು, ಅಕ್ಷರಗಳನ್ನು ಶಾಯಿಯಲ್ಲಿ ಬರೆದಿದ್ದಾರೆ. ಕೊರೆಯುವ ಕೈಗೂ ಬರೆಯುವ ಕೈಗೂ ತುಂಬ ವ್ಯತ್ಯಾಸವಿದೆ. ಕಂಠ ಗರಿಯ ನಾರಿನೊಡನೆ ಗುದ್ದಾಡಬೇಕು. ಲೇಖನಿ ಜಾರುತ್ತದೆ, ತಿರುವುಗಳಲ್ಲಿ ದಪ್ಪ ತೆಳುವು ಮೂಡುತ್ತದೆ. ಹನ್ನೆರಡನೆಯ ಶತಮಾನದ ಹೊಯ್ಸಳ ಶಾಸನಗಳ ದುಂಡಾದ ಅಕ್ಷರವನ್ನು ಕಲ್ಲಿನಲ್ಲಿ ನೋಡಿ ಬಲ್ಲವರಿಗೆ ಅದೇ ಅಕ್ಷರ ಶಾಯಿಯಲ್ಲಿ ಹೇಗಿತ್ತೆಂದು ತೋರಿಸುವುದು ಈ ಗರಿಗಳು. ಅಕ್ಷರಗಳ ನಡುವೆ ಚಿತ್ರಗಳೂ ಇವೆ: ತೀರ್ಥಂಕರರು, ಯಕ್ಷಿಯರು, ಕೈಮುಗಿದ ಭಕ್ತರು. ಕಲಾ ಇತಿಹಾಸಕಾರ ಸಿ. ಶಿವರಾಮಮೂರ್ತಿಯವರು ಇವನ್ನು ಹೊಯ್ಸಳ ಕಾಲದ ಚಿತ್ರಕಲೆಯ ಮಾದರಿಗಳೆಂದು ಗುರುತಿಸಿದರು. ಹೊಯ್ಸಳರೆಂದರೆ ಬೇಲೂರು ಹಳೇಬೀಡುಗಳ ಶಿಲ್ಪವನ್ನು ನೆನೆಯುವ ನಾವು ಅವರ ಕಾಲದ ಬಣ್ಣವನ್ನು ನೋಡಬೇಕಾದರೆ ಈ ಓಲೆಗಳಿಗೇ ಬರಬೇಕು.

ಈ ಪ್ರತಿಯನ್ನು ಬರೆಯಿಸಿದವರು ಯಾರು? ಗ್ರಂಥದ ಕೊನೆಯ ಪ್ರಶಸ್ತಿ ಅದನ್ನು ಕನ್ನಡದಲ್ಲಿ ಹೇಳುತ್ತದೆ. ಮಂಡಲಿನಾಡಿನ ಭುಜಬಲ ಗಂಗ ಪೆರ್ಮಾಡಿದೇವನ ಅತ್ತೆ ದೇಮಿಯಕ್ಕ ಶ್ರುತಪಂಚಮಿಯ ನೋಂಪಿಯನ್ನು ಉದ್ಯಾಪನೆ ಮಾಡಿದಾಗ, ಬನ್ನಿಕೆರೆಯ ಚೈತ್ಯಾಲಯದಲ್ಲಿದ್ದ ಶುಭಚಂದ್ರ ಸಿದ್ಧಾಂತದೇವರಿಗೆ ಈ ಗ್ರಂಥವನ್ನು ಬರೆಯಿಸಿ ಕೊಟ್ಟಳು. ಶುಭಚಂದ್ರರು ಶ್ರವಣಬೆಳಗೊಳದ ಶಾಸನಗಳಿಂದ ನಮಗೆ ಪರಿಚಿತರು. ಅವರು ತೀರಿಕೊಂಡದ್ದು 1123ರಲ್ಲಿ. ಹಾಗಾಗಿ ಓಲೆ ಅದಕ್ಕಿಂತ ಹಿಂದಿನದು. ಮಹಾಬಂಧದ ಪ್ರತಿಯ ಕೊನೆಯಲ್ಲೂ ಇಂಥದೇ ಮಾತಿದೆ. ಅದನ್ನು ಮಲ್ಲಿಕಬ್ಬೆ ಎಂಬಾಕೆ ಶ್ರೀಪಂಚಮಿಯ ನೋಂಪಿ ಮುಗಿಸಿ ಮಾಘಣಂದಿ ಮುನಿಗಳಿಗೆ ಬರೆಯಿಸಿ ಕೊಟ್ಟಳು.

ಅತ್ತಿಮಬ್ಬೆ, ದೇಮಿಯಕ್ಕ, ಮಲ್ಲಿಕಬ್ಬೆ. ಮಧ್ಯಕಾಲೀನ ಕರ್ನಾಟಕದ ಪುಸ್ತಕ ಚರಿತ್ರೆಯನ್ನು ಬರೆಯಲು ಕುಳಿತರೆ ಮೊದಲು ಎದುರಾಗುವುದು ಹೆಣ್ಣುಮಕ್ಕಳ ಹೆಸರುಗಳು. ಕವಿಚರಿತೆಗಳಲ್ಲಿ ಹುಡುಕಿದರೆ, ವಚನಕಾರ್ತಿಯರನ್ನು ಬಿಟ್ಟು, ಆ ಶತಮಾನಗಳ ಕವಯಿತ್ರಿಯರ ಹೆಸರು ಬೆರಳೆಣಿಕೆಗೂ ಸಿಗುವುದು ಕಷ್ಟ. ಆದರೆ ಅದೇ ಕಾಲದ ಪುಸ್ತಕಗಳ ಕೊನೆಯ ಗರಿಯನ್ನು ತಿರುವಿದರೆ ಅವರು ಅಲ್ಲಿದ್ದಾರೆ. ಗ್ರಂಥ ಸಂಪಾದನೆಯಲ್ಲಿ ಎಷ್ಟೋ ಸಲ ಈ ಪ್ರಶಸ್ತಿಗಳನ್ನು ಕೃತಿಯ ಭಾಗವಲ್ಲವೆಂದು ಕೈಬಿಟ್ಟಿದ್ದೇವೆ, ಇಲ್ಲವೆ ಪೀಠಿಕೆಯ ಒಂದು ಸಾಲಿಗೆ ಇಳಿಸಿದ್ದೇವೆ. ಮೂಲಕೃತಿಗೆ ಸೇರಿಲ್ಲ ಎಂಬುದು ನಿಜ. ಪುಸ್ತಕಕ್ಕೆ ಸೇರಿದೆ ಎಂಬುದೂ ಅಷ್ಟೇ ನಿಜ.

ದೇಮಿಯಕ್ಕ ಬರೆಯಿಸಿಕೊಟ್ಟ ಈ ಗ್ರಂಥ ಕಾಲಾಂತರದಲ್ಲಿ ಮೂಡಬಿದಿರೆಯನ್ನು ಸೇರಿ, ದರ್ಶನದ ವಸ್ತುವಾಯಿತು. ಯಾತ್ರಿಕರು ರತ್ನದ ಪ್ರತಿಮೆಗಳ ಜೊತೆಗೆ ಸಿದ್ಧಾಂತದ ಓಲೆಗಳಿಗೂ ಕೈಮುಗಿದು ಹೋಗುತ್ತಿದ್ದರು. ಗೃಹಸ್ಥರು ಸಿದ್ಧಾಂತ ಗ್ರಂಥಗಳನ್ನು ಓದಬಾರದೆಂಬ ನಂಬಿಕೆ ಬಲವಾಗಿತ್ತು. ಓದುವವರಿಲ್ಲದೆ ಪುಸ್ತಕ ಪೆಟ್ಟಿಗೆಯಲ್ಲಿತ್ತು. ಇದನ್ನು ಅಜ್ಞಾನವೆಂದು ಬದಿಗೆ ಸರಿಸುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಅತ್ತಿಮಬ್ಬೆ ಹಂಚಿದ ಸಾವಿರ ಪ್ರತಿಗಳಲ್ಲಿ ಒಂದೂ ಇವತ್ತು ನಮ್ಮ ಕೈಗೆ ಸಿಕ್ಕಿಲ್ಲ. ಪ್ರತಿಯಿಂದ ಪ್ರತಿಗೆ ಹರಿದು ಶಾಂತಿಪುರಾಣದ ಪಾಠ ಮಾತ್ರ ಉಳಿಯಿತು. ಧವಲಾ ಹರಡಲಿಲ್ಲ. ಆದರೆ ಹನ್ನೆರಡನೆಯ ಶತಮಾನದ ಗರಿಯೇ, ಅದೇ ಶಾಯಿಯೊಡನೆ, ಬಂದು ಮುಟ್ಟಿತು. ಕರಾವಳಿಯ ಮಳೆ, ಶೀತ, ಗೆದ್ದಲುಗಳ ನಡುವೆ ಶತಮಾನಗಳ ಕಾಲ ಅದನ್ನು ಕಾದ ಮಠದವರ ಶ್ರದ್ಧೆಗೆ ನಮಸ್ಕಾರ ಹೇಳಿಯೇ ಮುಂದಿನ ಮಾತಾಡಬೇಕು. ಹಂಚುವುದರಿಂದ ಕೃತಿ ಉಳಿಯುತ್ತದೆ, ಬೀಗದಿಂದ ಓಲೆ ಉಳಿಯುತ್ತದೆ. ನಮಗೆ ಎರಡೂ ಬೇಕಾಗಿತ್ತು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸ್ಥಿತಿ ಬದಲಾಯಿತು. ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಯಾತ್ರೆಗೆ ಬಂದವರು ಓಲೆಗಳ ಜೀರ್ಣಸ್ಥಿತಿಯನ್ನು ಕಂಡು ಹೊಸ ಪ್ರತಿ ಮಾಡಿಸಲೇಬೇಕೆಂದು ಹೊರಟರು. 1896ರಲ್ಲಿ ನಕಲು ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳು, ಮಿರಜದ ಗಜಪತಿ ಉಪಾಧ್ಯಾಯರು ಕುಳಿತರು. ಬ್ರಹ್ಮಸೂರಿ ಶಾಸ್ತ್ರಿಗಳು ನಡುವೆಯೇ ತೀರಿಕೊಂಡರು. ಕೆಲಸ ಕೈಯಿಂದ ಕೈಗೆ ದಾಟಿ, ಮೂರೂ ಗ್ರಂಥಗಳು ಮುಗಿದದ್ದು 1922ಕ್ಕೆ. ಆದರೆ ಈ ಪ್ರತಿಗಳೂ ಮೂಡಬಿದಿರೆಯಿಂದ ಹೊರಗೆ ಹೋಗಬಾರದೆಂಬ ಕಟ್ಟಳೆ ಇತ್ತು.

ಗಜಪತಿ ಉಪಾಧ್ಯಾಯರು ಆ ಕಟ್ಟಳೆಯನ್ನು ಮೀರಿದರು. ಹಗಲು ನಕಲು ಮಾಡುತ್ತ, ಹೆಂಡತಿ ಲಕ್ಷ್ಮೀಬಾಯಿಯ ನೆರವಿನಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಗುಟ್ಟಾಗಿ ಬರೆದರು. ಅದನ್ನು ಹೀರಾಚಂದ್ ಅವರಲ್ಲಿಗೆ ಒಯ್ದಾಗ, ನ್ಯಾಯವಲ್ಲದ ದಾರಿಯಲ್ಲಿ ಬಂದ ಪುಸ್ತಕ ತನಗೆ ಬೇಡವೆಂದು ಅವರು ನಿರಾಕರಿಸಿದರು. ಕೊನೆಗೆ ಉತ್ತರದ ಸಹಾರನಪುರದ ಲಾಲಾ ಜಂಬೂಪ್ರಸಾದರು ಅದನ್ನು ಪಡೆದು ತಮ್ಮ ಮಂದಿರದಲ್ಲಿ ಇರಿಸಿದರು. ಅಲ್ಲಿ ಕನ್ನಡ ಓದುವವರಿಲ್ಲ. ವಿಜಯಚಂದ್ರಯ್ಯ ಎಂಬ ಪಂಡಿತರು ಓದಿ ಹೇಳಿದರು, ಸೀತಾರಾಮ ಶಾಸ್ತ್ರಿಗಳು ನಾಗರಿಯಲ್ಲಿ ಬರೆದುಕೊಂಡರು. ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಪ್ರತಿ ಇಟ್ಟುಕೊಂಡರು. ಅದರಿಂದ ಆರಾ, ಕಾರಂಜಾ, ಅಮರಾವತಿ ಮೊದಲಾದ ಕಡೆಗೆ ಪ್ರತಿಗಳು ಹೋದವು. ಈ ಕಥೆಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವ ವ್ಯಕ್ತಿ ಲಕ್ಷ್ಮೀಬಾಯಿ. ಮುನಿಗಳಿಗಷ್ಟೇ ಮೀಸಲೆಂದ ಗ್ರಂಥವನ್ನು ನಕಲು ಮಾಡಲು ಒಬ್ಬ ಗೃಹಿಣಿ ನೆರವಾದಳು. ಗಜಪತಿಯವರು ಮಾಡಿದ್ದು ಸರಿಯೇ ಎಂದು ಕೇಳಿದರೆ ಒಪ್ಪಂದದ ದೃಷ್ಟಿಯಿಂದ ಸರಿಯಲ್ಲ. ಆದರೆ ಅವರಿಬ್ಬರು ಬರೆಯದೆ ಹೋಗಿದ್ದರೆ ಧವಲಾ ಮುದ್ರಣವಾಗುವ ಕಾಲ ಇನ್ನಷ್ಟು ದೂರ ಹೋಗುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಈ ಘಟ್ಟದಲ್ಲಿ ಧವಲಾದ ಸಂಪಾದನೆಗೆ ಬಂದವರು ಪ್ರಾಧ್ಯಾಪಕ ಹೀರಾಲಾಲ್ ಜೈನ್. ಅಮರಾವತಿಯ ಕಿಂಗ್ ಎಡ್ವರ್ಡ್ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದವರು. ಅವರ ಜೊತೆಗೆ ನಿಂತವರಲ್ಲಿ ಪಂಡಿತ ಫೂಲಚಂದ್ರ ಶಾಸ್ತ್ರಿ ಒಬ್ಬರು, ನಮ್ಮ ಆ.ನೇ. ಉಪಾಧ್ಯೆ ಇನ್ನೊಬ್ಬರು. ಉಪಾಧ್ಯೆಯವರು ಬೆಳಗಾವಿ ಜಿಲ್ಲೆಯ ಸದಲಗದವರು. ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದರು, ಕೊನೆಯ ವರ್ಷಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಬಂದರು, 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಧವಲಾದ ಮೊದಲ ಸಂಪುಟ 1939ರಲ್ಲಿ ಬಂತು, ಹದಿನಾರನೆಯದು ಮುಗಿದಾಗ ಇಪ್ಪತ್ತು ವರ್ಷ ಕಳೆದಿತ್ತು.

ಈ ಸಂಪಾದನೆಯ ಒಂದೇ ಒಂದು ಸಂಗತಿಯನ್ನು ಹತ್ತಿರದಿಂದ ತೋರಿಸಬೇಕು. ಮೊದಲ ಸಂಪುಟದ 93ನೆಯ ಸೂತ್ರ. ಬನವಾಸಿಯಲ್ಲಿ ರಚಿತವಾಯಿತೆಂದು ಸಂಪ್ರದಾಯ ಹೇಳುವ 177 ಸೂತ್ರಗಳಲ್ಲಿ ಇದೂ ಒಂದು. ಆತ್ಮ ಏರುವ ಹದಿನಾಲ್ಕು ಮೆಟ್ಟಿಲುಗಳಿಗೆ ಗುಣಸ್ಥಾನಗಳೆಂದು ಹೆಸರು. ಸೂತ್ರದ ವಿಷಯ ಮನುಷ್ಯ ಸ್ತ್ರೀ ಈ ಮೆಟ್ಟಿಲುಗಳಲ್ಲಿ ಯಾವುದರಲ್ಲಿರುವಾಗ ಹೇಗಿರುತ್ತಾಳೆ ಎಂಬುದು. ಸಂಪಾದಕರ ಮುಂದಿದ್ದ ಪ್ರತಿಗಳಲ್ಲಿ ಪಟ್ಟಿ 'ಸಂಜದಾಸಂಜದ' ಎಂಬಲ್ಲಿಗೆ, ಎಂದರೆ ಶ್ರಾವಕಿಯ ಭಾಗಶಃ ಸಂಯಮದ ಸ್ಥಾನಕ್ಕೆ, ನಿಂತಿತ್ತು. ಅದರ ಮುಂದಿನದು 'ಸಂಜದ', ಪೂರ್ಣ ಸಂಯಮ, ಮುನಿಯ ಸ್ಥಾನ. ಅದು ಪ್ರತಿಗಳಲ್ಲಿ ಇರಲಿಲ್ಲ.

ಸಂಪಾದಕರು ಟೀಕೆಯನ್ನು ಓದಿದರು. ವೀರಸೇನರು ಅಲ್ಲಿ ಒಂದು ಪ್ರಶ್ನೆಯನ್ನು ತಾವೇ ಎತ್ತಿಕೊಳ್ಳುತ್ತಾರೆ: ಈ ಸೂತ್ರದಿಂದಲೇ ಸ್ತ್ರೀಯರಿಗೆ ಮುಕ್ತಿಯುಂಟೆಂದು ಸಿದ್ಧವಾಗುವುದಿಲ್ಲವೆ? ಇಲ್ಲ ಎಂದು ಉತ್ತರಿಸಿ ದಿಗಂಬರ ಸಂಪ್ರದಾಯದ ನೆಲೆಯಲ್ಲಿ ಕಾರಣ ಕೊಡುತ್ತಾರೆ. ಪಟ್ಟಿ ಶ್ರಾವಕಿಯ ಸ್ಥಾನಕ್ಕೇ ನಿಂತಿದ್ದರೆ ಮುಕ್ತಿಯ ಪ್ರಶ್ನೆ ಏಳುವುದಾದರೂ ಹೇಗೆ? ವೀರಸೇನರ ಕಣ್ಣಮುಂದಿದ್ದ ಸೂತ್ರದಲ್ಲಿ 'ಸಂಜದ' ಇದ್ದಿರಲೇಬೇಕು. ಸಂಪಾದಕರು ಸೂತ್ರವನ್ನು ಪ್ರತಿಯಲ್ಲಿದ್ದಂತೆಯೇ ಮುದ್ರಿಸಿ, ಇಲ್ಲಿ 'ಸಂಜದ' ಬಿಟ್ಟುಹೋದಂತಿದೆ ಎಂದು ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಗ್ರಂಥ ಸಂಪಾದನೆಯ ಶಿಸ್ತು ಎಂದರೆ ಇದು. ಊಹೆ ಎಷ್ಟೇ ಬಲವಾಗಿದ್ದರೂ ಅದನ್ನು ಪಾಠದೊಳಕ್ಕೆ ತುರುಕಲಿಲ್ಲ, ಓದುಗರಿಂದ ಮುಚ್ಚಿಡಲೂ ಇಲ್ಲ.

ಆ ಟಿಪ್ಪಣಿ ಸಮಾಜದಲ್ಲಿ ದೊಡ್ಡ ವಿವಾದ ಎಬ್ಬಿಸಿತು. ಎಬ್ಬಿಸಿದ್ದು ಸಹಜವೇ. ಸ್ತ್ರೀಮುಕ್ತಿ ದಿಗಂಬರ ಶ್ವೇತಾಂಬರರ ನಡುವಿನ ಹಳೆಯ ತರ್ಕ. ಕರ್ನಾಟಕದ ನೆಲದಲ್ಲೇ ಬೆಳೆದ ಯಾಪನೀಯ ಎಂಬ ಜೈನ ಪಂಥದವರು ಸ್ತ್ರೀಮುಕ್ತಿಯನ್ನು ಒಪ್ಪಿದವರು. ಅಮೋಘವರ್ಷನ ಕಾಲದ ಯಾಪನೀಯ ಆಚಾರ್ಯ ಶಾಕಟಾಯನ ಅದರ ಸಮರ್ಥನೆಗೆಂದೇ ಒಂದು ಪ್ರಕರಣವನ್ನು ಬರೆದ. ಮುಂದೆ ಮೂಡಬಿದಿರೆಯ ಭಟ್ಟಾರಕರೂ ಪಂಚರೂ ಮನಸ್ಸು ತೆರೆದು ಓಲೆಯ ಜೊತೆ ಪಾಠ ಹೋಲಿಸಲು ಅನುಮತಿ ಕೊಟ್ಟರು. ಅಲ್ಲಿನ ಪಂಡಿತ ಲೋಕನಾಥ ಶಾಸ್ತ್ರಿಗಳು ಓಲೆ ನೋಡಿ ಪಾಠಭೇದಗಳನ್ನು ಕಳಿಸತೊಡಗಿದರು. 93ನೆಯ ಸೂತ್ರದಲ್ಲಿ 'ಸಂಜದ' ಇತ್ತು.

ಅದು ಎಲ್ಲಿ ಕಳೆದುಹೋಗಿತ್ತು? ಸೂತ್ರದಲ್ಲಿ ಒಂದರ ಹಿಂದೊಂದು 'ಅಸಂಜದ', 'ಸಂಜದಾಸಂಜದ', 'ಸಂಜದ' ಎಂದು ಬರುತ್ತವೆ. ಇಂಥ ಕಡೆ ಲಿಪಿಕಾರನ ಕಣ್ಣು ಒಂದು 'ಸಂಜದ'ದಿಂದ ಇನ್ನೊಂದಕ್ಕೆ ಜಾರುವುದು ತೀರ ಸುಲಭ. ಯಾರೂ ಬೇಕೆಂದು ಕಿತ್ತುಹಾಕಿದ್ದಲ್ಲ, ಕಣ್ತಪ್ಪು ಎಂದೇ ನನ್ನ ತೀರ್ಮಾನ. ಸಂಪಾದಕರ ಕೈಯಲ್ಲಿ ಆರಾ, ಕಾರಂಜಾ, ಅಮರಾವತಿಗಳ ಪ್ರತಿಗಳಿದ್ದವು, ಎಲ್ಲವೂ ಆ ಶಬ್ದವಿಲ್ಲವೆಂದೇ ಹೇಳಿದವು. ಆದರೆ ಅವೆಲ್ಲ ಸೀತಾರಾಮ ಶಾಸ್ತ್ರಿಗಳ ಒಂದೇ ಪ್ರತಿಯಿಂದ ಇಳಿದು ಬಂದವು. ಸಾಕ್ಷಿಗಳು ಮೂರಾದರೂ ಕಂಡವರು ಒಬ್ಬರೇ. ಡಿ.ಎಲ್. ನರಸಿಂಹಾಚಾರ್ಯರು 1964ರ 'ಕನ್ನಡ ಗ್ರಂಥ ಸಂಪಾದನೆ'ಯಲ್ಲಿ ಪ್ರತಿಗಳ ವಂಶವನ್ನು ಗುರುತಿಸುವುದಕ್ಕೆ ಕೊಟ್ಟ ಮಹತ್ವವನ್ನು ತರಗತಿಯಲ್ಲಿ ವಿವರಿಸುವಾಗ ನಾನು ಈ ಸೂತ್ರವನ್ನೇ ಉದಾಹರಿಸುತ್ತೇನೆ.

ಲಿಪಿಯೂ ಸಂಪಾದಕರಿಗೆ ತೊಡಕು ತಂದಿತ್ತು. ಕನ್ನಡ ಲಿಪಿಯ ಪ್ರಾಕೃತ ಓಲೆಗಳಲ್ಲಿ ಒತ್ತಕ್ಷರವನ್ನು ಬರೆಯುವ ಬದಲು ಅಕ್ಷರದ ಹಿಂದೆ ಒಂದು ಸೊನ್ನೆ ಇಡುವ ವಾಡಿಕೆಯಿದೆ. 'ಸು', ಸೊನ್ನೆ, 'ತ' ಎಂದು ಬರೆದದ್ದನ್ನು ಬಲ್ಲವನು 'ಸುತ್ತ' ಎಂದು ಓದುತ್ತಾನೆ. ತಿಳಿಯದವನು 'ಸುಂತ' ಎಂದು ಅನುಸ್ವಾರ ಮಾಡಿ ನಾಗರಿಗೆ ಇಳಿಸುತ್ತಾನೆ. ಹಳೆಯ ಬರವಣಿಗೆಯಲ್ಲಿ ಎ, ಒ ಸ್ವರಗಳ ಹ್ರಸ್ವ ದೀರ್ಘ ಭೇದವೂ ಕಾಣುವುದಿಲ್ಲ. ಪ್ರಾಕೃತ ಬಲ್ಲ ಉತ್ತರದ ಪಂಡಿತರಿಗೆ ಕನ್ನಡ ಲಿಪಿ ಬರುತ್ತಿರಲಿಲ್ಲ, ಲಿಪಿ ಬಲ್ಲ ನಮ್ಮವರಲ್ಲಿ ಪ್ರಾಕೃತ ಬಲ್ಲವರು ಕಡಿಮೆ. ಉಪಾಧ್ಯೆ, ಲೋಕನಾಥ ಶಾಸ್ತ್ರಿಗಳಂಥವರು ಎರಡೂ ದಡಗಳಲ್ಲಿ ನಿಲ್ಲಬಲ್ಲವರಾಗಿದ್ದರಿಂದ ಕೆಲಸ ದಾಟಿತು.

ದೇಮಿಯಕ್ಕ ಬರೆಯಿಸಿಕೊಟ್ಟ ಪುಸ್ತಕದಲ್ಲಿ, ಹೆಣ್ಣಿನ ಸಂಯಮದ ವಿಷಯವಾದ ಸೂತ್ರದಲ್ಲಿ, ಕಳೆದುಹೋಗಿದ್ದ ಮಾತು ಮತ್ತೆ ಓಲೆಯಲ್ಲೇ ಸಿಕ್ಕಿತೆಂಬುದು ಆಕಸ್ಮಿಕ. ಅದರಿಂದ ನಾನು ಸಿದ್ಧಾಂತ ಮಾಡಹೊರಟಿಲ್ಲ. ಆದರೆ ಅದು ಸಿಕ್ಕಿದ್ದು ಓಲೆ ಉಳಿದಿದ್ದರಿಂದ. ಅಚ್ಚಾದ ಮೇಲೆ ಓಲೆಯ ಕೆಲಸ ಮುಗಿಯಿತೆಂದು ತಿಳಿದವರು ಈ ಸೂತ್ರವನ್ನು ನೆನೆಯಬೇಕು. ಮುದ್ರಿತ ಪುಸ್ತಕ ಎಬ್ಬಿಸುವ ಅನುಮಾನವನ್ನು ಪರಿಹರಿಸಿಕೊಳ್ಳಲು ನಾವು ಹಿಂದಿರುಗಿ ಹೋಗಬೇಕಾದದ್ದು ಗರಿಯ ಬಳಿಗೇ.

ಕೆ. ಭುಜಬಲಿ ಶಾಸ್ತ್ರಿಗಳು ಮೂಡಬಿದಿರೆ, ಕಾರ್ಕಳ ಮೊದಲಾದ ಕಡೆಗಳ ಭಂಡಾರಗಳ ಓಲೆಗಳನ್ನು ಪಟ್ಟಿ ಮಾಡಿ ಪ್ರಕಟಿಸಿದ ಸೂಚಿ 1948ರಲ್ಲಿ ಬಂತು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ವಿಶ್ವವಿದ್ಯಾನಿಲಯಗಳ ಕನ್ನಡ ಅಧ್ಯಯನ ಸಂಸ್ಥೆಗಳು ಅನಂತರ ಸೂಚಿಗಳನ್ನು ತಂದಿವೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ನೆರವಿನಿಂದ ಎಷ್ಟೋ ಭಂಡಾರಗಳ ಓಲೆಗಳ ಛಾಯಾಚಿತ್ರಗಳೂ ಆಗಿವೆ. ಈಗ ಕೊರತೆಯಿರುವುದು ಓದುವವರದು. ಹಳಗನ್ನಡದಲ್ಲಿ ಚಿನ್ನದ ಪದಕ ಪಡೆದ ವಿದ್ಯಾರ್ಥಿಯ ಮುಂದೆ ಓಲೆಯ ಚಿತ್ರವೊಂದನ್ನು ಇಟ್ಟರೆ ಮೊದಲ ಸಾಲನ್ನೂ ಓದಲಾರ. ತಪ್ಪು ಅವನದಲ್ಲ, ನಾವು ಕಲಿಸಿಲ್ಲ. ಪಠ್ಯಕ್ರಮದಲ್ಲಿ ಗ್ರಂಥ ಸಂಪಾದನೆ ಎಂಬ ಪತ್ರಿಕೆಯಿದೆ, ಅದನ್ನು ಪುಸ್ತಕ ನೋಡಿ ಪರೀಕ್ಷೆ ಬರೆದು ಮುಗಿಸಬಹುದು. ಕಣ್ಣು ಪಳಗಬೇಕಾದ ವಿದ್ಯೆಯನ್ನು ಟಿಪ್ಪಣಿಯಿಂದ ಕಲಿಸಲಾಗದು.

ಆದ್ದರಿಂದ ಈ ವೇದಿಕೆಯಿಂದ ಕೆಲವು ವಿನಂತಿಗಳು. ಕನ್ನಡ ಎಂ.ಎ. ತರಗತಿಗಳಲ್ಲಿ ಓಲೆಯನ್ನು ಕಣ್ಣಾರೆ ಓದಿಸುವ ಪಾಠ ವಾರಕ್ಕೊಂದಾದರೂ ನಡೆಯಲಿ. ಹೊಸ ಸೂಚಿಗಳನ್ನು ಮಾಡುವವರು ಕೃತಿ, ಕರ್ತೃ, ಗರಿಗಳ ಸಂಖ್ಯೆಗೆ ನಿಲ್ಲದೆ, ಕೊನೆಯ ಗರಿಯ ಪ್ರಶಸ್ತಿಯನ್ನು ಅಕ್ಷರ ಬಿಡದೆ ಎತ್ತಿ ಬರೆಯಲಿ. ಬರೆಯಿಸಿದವರು, ಬರೆದವರು, ಊರು, ತಿಥಿ, ಯಾರಿಗೆ ಕೊಟ್ಟದ್ದು, ಎಲ್ಲವೂ ಅಲ್ಲಿರುತ್ತವೆ. ಅಂಥ ಪ್ರಶಸ್ತಿಗಳದೇ ಒಂದು ಸಂಕಲನವನ್ನು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಯಾವುದಾದರೊಂದು ಕೈಗೆತ್ತಿಕೊಳ್ಳಲಿ. ಶಾಸನಗಳಿಗೆ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಡಿದ ಉಪಕಾರವನ್ನು ಪುಸ್ತಕಗಳಿಗೆ ಅದು ಮಾಡುತ್ತದೆ. ಇನ್ನು, ನಿಮ್ಮ ಮನೆಯ ಅಟ್ಟದಲ್ಲೋ ದೇವರ ಕೋಣೆಯಲ್ಲೋ ಓಲೆಕಟ್ಟು ಇದ್ದರೆ ಅದನ್ನು ನೀರಿಗೆ ಬಿಡಬೇಡಿ, ಬೆಂಕಿಗೆ ಹಾಕಬೇಡಿ, ದಾರ ಬಿಚ್ಚಿ ಹಂಚಿಕೊಳ್ಳಬೇಡಿ. ಹತ್ತಿರದ ವಿಶ್ವವಿದ್ಯಾನಿಲಯದ ಕನ್ನಡ ವಿಭಾಗಕ್ಕೆ ತಿಳಿಸಿ. ಕೊಡಲು ಮನಸ್ಸಿಲ್ಲದಿದ್ದರೆ ಕೊಡಬೇಕಾಗಿಲ್ಲ, ಛಾಯಾಚಿತ್ರ ತೆಗೆಯಲು ಅವಕಾಶ ಮಾಡಿಕೊಟ್ಟರೂ ಸಾಕು.